ಗುಡ್ಡದ ಮೇಲಿನ ಮೆಶೀನಿಗೆ ಪೇಟೆಯ ಕಡೆ ಒಂದು ಕಿಟಕಿ ಬೇಕು

ಕಾರ್ಕಳದ ಕಡೆಯ ಯಾವುದಾದರೂ ಹಳ್ಳಿಯ ಹಾಲಿನ ಸೊಸೈಟಿಗೆ ಬೆಳಿಗ್ಗೆ ಹೋಗಿ ನೋಡಿ. ಎರಡು ಲೀಟರ್ ಹಾಲು ತಂದ ಹೆಂಗಸು ಮೇಜಿನ ಎದುರು ನಿಲ್ಲುತ್ತಾರೆ. ಒಂದು ಚಿಕ್ಕ ಮೆಶೀನು ಸ್ವಲ್ಪ ಹಾಲು ಹೀರಿಕೊಳ್ಳುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ರೇಟು ಎಷ್ಟು ಎಂಬ ಚೀಟಿ ಕೈಗೆ ಬರುತ್ತದೆ. ಕಡಿಮೆ ಬಂತೋ, ಅಲ್ಲಿಯೇ ಕೇಳುತ್ತಾರೆ: "ನಿನ್ನೆ ಸರಿ ಇತ್ತಲ್ಲ, ಇವತ್ತು ಎಂತ ಆಯ್ತು?" ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಗಟ್ಟಿ ಅಂಶ. ಪ್ರೋಟೀನು ಇರುವುದು ಅದರಲ್ಲೇ. ಶಾಲೆಯ ಮೆಟ್ಟಿಲು ಹತ್ತದವರಿಗೂ ಆ ಚೀಟಿ ಓದಲು ಬರುತ್ತದೆ. ಯಾಕೆಂದರೆ ಅದರಲ್ಲಿರುವುದು ಅವರ ದುಡ್ಡು.

ಅದೇ ಕಾರ್ಕಳದಿಂದ ಹೊರಟ ಬಸ್ಸು ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಉಡುಪಿಗೆ ಬರುವ ದಾರಿಯಲ್ಲಿ ಮಣಿಪಾಲದ ಗುಡ್ಡ ಹತ್ತುತ್ತದೆ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರೋಟೀನಿನ ಮೇಲೆ ವರ್ಷಗಳಿಂದ ಸಂಶೋಧನೆ ನಡೆಯುತ್ತಿದೆ. ಬಸ್ಸಿನ ಕಿಟಕಿಯಿಂದ ದೊಡ್ಡ ದೊಡ್ಡ ಕಟ್ಟಡಗಳು ಕಾಣುತ್ತವೆ. ಒಳಗಿನ ಮೆಶೀನು ಕಾಣುವುದಿಲ್ಲ. ಅದು ಏನು ಅಳೆಯುತ್ತದೆ, ಯಾರಿಗೆ ಅಳೆದು ಕೊಡುತ್ತದೆ, ಎಷ್ಟು ಫೀಸು, ಯಾವ ದಿನ? ಇದನ್ನು ರಥಬೀದಿಯ ಎಷ್ಟು ಅಂಗಡಿಯವರು ಬಲ್ಲರು? ಕಾಪು ಪೇಟೆಯಲ್ಲಿ ಎಷ್ಟು ಮಂದಿಗೆ ಗೊತ್ತುಂಟು?

ಸೊಸೈಟಿಯ ಚಿಕ್ಕ ಮೆಶೀನಿಗೆ ಬೋರ್ಡು ಉಂಟು, ಟೈಮು ಉಂಟು, ಚೀಟಿ ಉಂಟು. ಗುಡ್ಡದ ಮೇಲಿನ ದೊಡ್ಡ ಮೆಶೀನಿಗೂ ಅಷ್ಟು ಬೇಕು ಎಂಬುದೇ ಇವತ್ತಿನ ನಮ್ಮ ಮಾತು.

ಪ್ರೋಟೀನು ನಮಗೆಂತಕ್ಕೆ?

"ಪ್ರೋಟೀನು ಸಂಶೋಧನೆ ಡಾಕ್ಟರರ ಕೆಲಸ, ನಮಗೆಂತ ಅದರಿಂದ?" ಎಂದು ಕೇಳುವವರಿದ್ದಾರೆ. ಸಕ್ಕರೆ ಕಾಯಿಲೆ ಇರುವವರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇದ್ದಾರಲ್ಲ? ಅವರನ್ನು ಕೇಳಿ. ಡಾಕ್ಟರು ಬರೆದುಕೊಡುವ "ಮೂರು ತಿಂಗಳ ಶುಗರ್ ಟೆಸ್ಟು" ಅಂದರೆ ರಕ್ತದ ಕೆಂಪಿನಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬ ಲೆಕ್ಕ. ಅದನ್ನು ಅಳೆಯುವ ಮುಖ್ಯ ವಿಧಾನಗಳಲ್ಲಿ ಒಂದು ಎಚ್‌ಪಿಎಲ್‌ಸಿ. ಸಂಶೋಧನಾಲಯದಲ್ಲಿ ಹುಟ್ಟಿದ ವಿದ್ಯೆ ಈಗ ಪೇಟೆಯ ಲ್ಯಾಬಿನ ತನಕ ಬಂದಿದೆ.

ದನಕ್ಕೆ ಹಾಕುವ ಹಿಂಡಿಯ ಗೋಣಿಯ ಮೇಲೆ ಪ್ರೋಟೀನು ಶೇಕಡಾ 20 ಎಂದೋ 22 ಎಂದೋ ಅಚ್ಚು ಹಾಕಿರುತ್ತದೆ. ಮೀನಿನ ಹುಡಿಯ ಫ್ಯಾಕ್ಟರಿಯವರು ಮಾಲು ಮಾರುವಾಗ ದರ ನಿಲ್ಲುವುದು ಪ್ರೋಟೀನಿನ ಶೇಕಡಾವಾರಿನ ಮೇಲೆ. ಮೆಡಿಕಲ್ ಶಾಪಿನ ಕಪಾಟಿನಲ್ಲಿ ಪ್ರೋಟೀನ್ ಪೌಡರಿನ ಡಬ್ಬಗಳು ಸಾಲಾಗಿ ಕೂತಿವೆ. ಹಾಲು, ಮೀನು, ಹಿಂಡಿ, ಡಬ್ಬ, ರಕ್ತ. ನಮ್ಮ ಜಿಲ್ಲೆಯ ಅರ್ಧ ವ್ಯಾಪಾರ ಪ್ರೋಟೀನಿನ ವ್ಯಾಪಾರವೇ ಮಾರಾಯ್ರೆ. ಹೆಸರು ಹೇಳಿ ಮಾರುವುದಿಲ್ಲ, ಅಷ್ಟೇ.

ಒಳಗೆ ಏನೇನುಂಟು?

ಇಂಥ ಸಂಶೋಧನಾಲಯದೊಳಗೆ ಸಾಮಾನ್ಯವಾಗಿ ಇರುವ ಸಾಮಾನು ಯಾವುದು, ಅದರ ಕೆಲಸ ಏನು ಎಂದು ಪಿಯುಸಿ ಅರ್ಧಕ್ಕೆ ಬಿಟ್ಟವರಿಗೂ ತಿಳಿಯುವ ಹಾಗೆ ಹೇಳಬಹುದು. ಹೇಳಬೇಕಾದವರು ಹೇಳುವ ತನಕ ನಾವೇ ಹೇಳುತ್ತೇವೆ.

ಮೊದಲನೆಯದು ಜೆಲ್. ಗಂಜಿ ಹೆಪ್ಪುಗಟ್ಟಿದಂಥ ತೆಳು ಹಲಗೆ. ಅದರ ಒಂದು ತುದಿಯಲ್ಲಿ ಪ್ರೋಟೀನಿನ ಬೆರಕೆ ಹಾಕಿ ಕರೆಂಟು ಹಾಯಿಸುತ್ತಾರೆ. ಪರ್ಯಾಯದ ರಾತ್ರಿ ರಥಬೀದಿಯ ಜನಜಂಗುಳಿಯಲ್ಲಿ ಚಿಕ್ಕ ಮಕ್ಕಳು ಕಾಲುಗಳ ಸಂದಿಯಲ್ಲಿ ನುಸುಳಿ ಮುಂದೆ ಹೋಗುವುದಿಲ್ಲವೇ, ದಪ್ಪ ಆಸಾಮಿಗಳು ಹಿಂದೆಯೇ ಸಿಕ್ಕಿಹಾಕಿಕೊಳ್ಳುವುದಿಲ್ಲವೇ, ಹಾಗೆಯೇ ಸಣ್ಣ ಪ್ರೋಟೀನು ಮುಂದೆ, ದೊಡ್ಡದು ಹಿಂದೆ. ಆಮೇಲೆ ಬಣ್ಣ ಹಾಕಿದರೆ ಗೆರೆ ಗೆರೆಯಾಗಿ ಕಾಣುತ್ತದೆ. ಇವತ್ತಿಗೂ ಪ್ರಪಂಚದ ಲ್ಯಾಬುಗಳು ಬಳಸುವ ರೀತಿಯನ್ನು ಲೆಮ್ಲಿ ಎಂಬವರು 1970ರಲ್ಲಿ ಪ್ರಕಟಿಸಿದರು.

ಎರಡನೆಯದು ಎಚ್‌ಪಿಎಲ್‌ಸಿ. ಪುಡಿ ತುಂಬಿದ ಸಣ್ಣ ಕೊಳವೆಯೊಳಗೆ ದ್ರವವನ್ನು ಒತ್ತಡದಿಂದ ನುಗ್ಗಿಸುವ ಮೆಶೀನು. ಕಾಪುವಿನಿಂದ ಉಡುಪಿಗೆ ಒಂದೇ ಹೊತ್ತಿಗೆ ಎಕ್ಸ್‌ಪ್ರೆಸ್ ಬಸ್ಸೂ ಸರ್ವಿಸ್ ಬಸ್ಸೂ ಹೊರಟಿತು ಅನ್ನಿ. ಎಕ್ಸ್‌ಪ್ರೆಸ್ ಸೀದಾ ಬಂದು ಮುಟ್ಟುತ್ತದೆ. ಸರ್ವಿಸ್ ಬಸ್ಸು ಕಟಪಾಡಿ, ಉದ್ಯಾವರ ಎಂದು ಸ್ಟಾಪು ಸ್ಟಾಪಿಗೂ ನಿಂತು ತಡವಾಗಿ ಬರುತ್ತದೆ. ಕೊಳವೆಯ ಪುಡಿಗೆ ಅಂಟದ ಪ್ರೋಟೀನು ಎಕ್ಸ್‌ಪ್ರೆಸ್ಸು, ಅಂಟಿಕೊಂಡು ಬರುವುದು ಸರ್ವಿಸ್ಸು. ಯಾವುದು ಎಷ್ಟು ಹೊತ್ತಿಗೆ ಹೊರಬಂತು ಎಂದು ನೋಡಿ ಬೇರೆ ಬೇರೆ ಮಾಡುತ್ತಾರೆ.

ಮೂರನೆಯದು ಮಾಸ್ ಸ್ಪೆಕ್ಟ್ರೋಮೀಟರ್. ಇದು ತಕ್ಕಡಿ. ಆದರೆ ತೂಗುವುದು ಅಣುವಿನ ತೂಕ. ಪ್ರೋಟೀನನ್ನು ತುಂಡು ಮಾಡಿ, ತುಂಡುಗಳ ತೂಕ ನೋಡಿ, ಇದು ಇಂಥದ್ದೇ ಪ್ರೋಟೀನು ಎಂದು ಗುರುತು ಹಿಡಿಯುತ್ತದೆ. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಒಡೆಯದೆ ತೂಗುವ ದಾರಿ ತೋರಿಸಿದ್ದಕ್ಕೆ 2002ರಲ್ಲಿ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ ಅವರಿಗೆ ನೊಬೆಲ್ ಬಂತು. ತನಾಕಾ ಜಪಾನಿನ ಒಂದು ಉಪಕರಣ ಕಂಪೆನಿಯ ಎಂಜಿನಿಯರು. ಡಾಕ್ಟರೇಟ್ ಮಾಡಿದವರಲ್ಲ. ಮೆಶೀನನ್ನು ಬಲ್ಲ ಕೆಲಸಗಾರನ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಈ ಮಾತಿಗೆ ಮುಂದೆ ಪುನಃ ಬರುತ್ತೇವೆ.

ಇವುಗಳ ಜೊತೆಗೆ ಸ್ಯಾಂಪಲು ಇಡುವ ಫ್ರೀಜರು. ಸೊನ್ನೆಗಿಂತ 80 ಡಿಗ್ರಿ ಕೆಳಗೆ. ಮಲ್ಪೆಯ ಐಸು ಇದರ ಎದುರು ಬಿಸಿನೀರು. ಬೆರಕೆಯನ್ನು ಗರಗರ ತಿರುಗಿಸಿ ತಳಕ್ಕೆ ಇಳಿಸುವ ಸೆಂಟ್ರಿಫ್ಯೂಜು. ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರು. ಇಷ್ಟಿದ್ದರೆ ಒಂದು ಪ್ರೋಟೀನು ಸಂಶೋಧನಾಲಯದ ಅಂಗಡಿ ತೆರೆದ ಹಾಗೆ.

ಅಳತೆಗೇ ಮೋಸ ಮಾಡಿದರೆ?

ಮಾಮೂಲಿ ಲೆಕ್ಕಕ್ಕೆ ಇಷ್ಟು ದೊಡ್ಡ ಮೆಶೀನು ಯಾಕೆ ಎಂದು ಕೇಳಬಹುದು. ಹಿಂಡಿಯ ಗೋಣಿಯ ಮೇಲಿನ ಅಂಕಿ ಹೇಗೆ ಬಂತು ಎಂದು ತಿಳಿದರೆ ಉತ್ತರ ಸಿಗುತ್ತದೆ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಎಂಬವರ ಪ್ರಯೋಗಾಲಯವಿತ್ತು. ಅಲ್ಲಿ ಕೆಲಸಕ್ಕಿದ್ದ ಕೆಲ್ಡಾಲ್ ಎಂಬವರು 1883ರಲ್ಲಿ ಒಂದು ಉಪಾಯ ಕಂಡುಹಿಡಿದರು. ಧಾನ್ಯವನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಅಮೋನಿಯಾ ಮಾಡಿ ಅಳೆಯುವುದು. ಪ್ರೋಟೀನಿನಲ್ಲಿ ಸುಮಾರು ಶೇಕಡಾ 16 ಸಾರಜನಕ ಇರುವುದರಿಂದ ಬಂದ ಅಂಕಿಯನ್ನು 6.25ರಿಂದ ಗುಣಿಸಿದರೆ ಪ್ರೋಟೀನು ಸಿಕ್ಕಿತು. ಹಾಲಿಗೆ 6.38. ಸುಲಭದ ಲೆಕ್ಕ, ಇವತ್ತಿಗೂ ನಡೆಯುತ್ತಿದೆ.

ಆದರೆ ಇದರಲ್ಲಿ ಒಂದು ತೂತು ಉಂಟು. ಈ ಲೆಕ್ಕ ಸಾರಜನಕವನ್ನು ಎಣಿಸುತ್ತದೆ. ಅದು ಪ್ರೋಟೀನಿನಿಂದ ಬಂತೋ, ಯೂರಿಯಾದಿಂದ ಬಂತೋ ಅದಕ್ಕೆ ತಿಳಿಯದು. ಚೀನಾದಲ್ಲಿ ಈ ತೂತಿನಲ್ಲೇ ಕೈ ಹಾಕಿದರು. ನೀರು ಬೆರೆಸಿದ ಹಾಲಿಗೆ ಪ್ಲಾಸ್ಟಿಕ್ ಉದ್ಯಮದಲ್ಲಿ ಬಳಸುವ ಮೆಲಮೈನ್ ಹಾಕಿದರು. ಅದರಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಟೆಸ್ಟಿನಲ್ಲಿ ಹಾಲು ಪಾಸಾಯಿತು. 2008ರಲ್ಲಿ ಗುಟ್ಟು ರಟ್ಟಾದಾಗ ಅಧಿಕೃತ ಲೆಕ್ಕದ ಪ್ರಕಾರವೇ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದಿದ್ದರು, 6 ಹಸುಗೂಸುಗಳು ತೀರಿಕೊಂಡಿದ್ದವು. ತಪ್ಪಿತಸ್ಥರಲ್ಲಿ ಇಬ್ಬರನ್ನು ಮರುವರ್ಷ ಗಲ್ಲಿಗೇರಿಸಿದರು. ಸತ್ತ ಮಕ್ಕಳು ಬರಲಿಲ್ಲ.

ಮೆಲಮೈನನ್ನು ಹೆಸರು ಹಿಡಿದು ಪತ್ತೆ ಮಾಡಿದ್ದು ಎಚ್‌ಪಿಎಲ್‌ಸಿ, ಮಾಸ್ ಸ್ಪೆಕ್ಟ್ರೋಮೀಟರ್ ಜಾತಿಯ ಮೆಶೀನುಗಳು. ಹಳೆಯ ಟೆಸ್ಟು "ಎಷ್ಟು" ಎನ್ನುತ್ತದೆ, ಹೊಸ ಮೆಶೀನು "ಏನು" ಎನ್ನುತ್ತದೆ. ಈ ವ್ಯತ್ಯಾಸಕ್ಕಾಗಿಯೇ ಕೋಟಿ ರೂಪಾಯಿ.

ಚೀನಾ ದೂರವಾಯಿತು ಎನ್ನುವವರಿಗೆ ಪಕ್ಕದ ಕೇರಳದ ಮಾತು ಹೇಳುತ್ತೇವೆ. ಅಲ್ಲಿನ ಡಾಕ್ಟರರೊಬ್ಬರ ತಂಡ ನಮ್ಮ ದೇಶದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪೌಡರುಗಳನ್ನು ಪರೀಕ್ಷೆ ಮಾಡಿಸಿ 2024ರಲ್ಲಿ ಪ್ರಕಟಿಸಿತು. ಹತ್ತರಲ್ಲಿ ಸುಮಾರು ಏಳರಲ್ಲಿ ಡಬ್ಬದ ಮೇಲಿನ ಅಂಕಿಗೂ ಒಳಗಿನ ಪ್ರೋಟೀನಿಗೂ ತಾಳೆ ಇರಲಿಲ್ಲ. ಕೆಲವದರಲ್ಲಿ ಬರೆದದ್ದರ ಅರ್ಧವೇ ಇತ್ತು. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು. ಆಪರೇಶನ್ ಆದ ಅಪ್ಪನಿಗೆಂದು, ಬಾಣಂತಿ ಮಗಳಿಗೆಂದು ಸಾವಿರ ರೂಪಾಯಿ ಕೊಟ್ಟು ಕೊಳ್ಳುವ ಡಬ್ಬ ಇದು. ಮಾರಿದ ಅಂಗಡಿಯವರಿಗೂ ಒಳಗೆ ಏನಿದೆ ಎಂದು ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ.

ಅಂಗಡಿಯವರೇ, ನಿಮ್ಮ ಹಕ್ಕು ಗೊತ್ತುಂಟಾ?

ಇನ್ನು ಕಾನೂನಿಗೆ ಬರೋಣ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೆ ಬಂದು ಸ್ಯಾಂಪಲು ತೆಗೆಯುತ್ತಾರೆ. ಅಂಗಡಿಯವರು ಹೆದರಿ ಸಹಿ ಹಾಕುತ್ತಾರೆ. ರಿಪೋರ್ಟು ಬರುವ ತನಕ ನಿದ್ದೆ ಇಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 47ನೇ ಕಲಂ ಏನು ಹೇಳುತ್ತದೆ ಎಂದು ಎಷ್ಟು ಜನ ಓದಿದ್ದಾರೆ?

ಸ್ಯಾಂಪಲನ್ನು ನಾಲ್ಕು ಪಾಲು ಮಾಡಬೇಕು. ಒಂದು ಪಾಲು ಸರಕಾರದ ಆಹಾರ ವಿಶ್ಲೇಷಕರಿಗೆ. ಎರಡು ಪಾಲು ಅಂಕಿತ ಅಧಿಕಾರಿಯ ಸುಪರ್ದಿಗೆ. ನಾಲ್ಕನೆಯ ಪಾಲನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಅಂಗಡಿಯವರು ಕೇಳಬಹುದು. ಕೇಳಿದರೆ ಕಳಿಸಬೇಕು. ಎರಡು ರಿಪೋರ್ಟುಗಳಿಗೆ ತಾಳೆಯಾಗದಿದ್ದರೆ ಇಟ್ಟುಕೊಂಡ ಪಾಲು ರೆಫರಲ್ ಲ್ಯಾಬಿಗೆ ಹೋಗುತ್ತದೆ, ಅಲ್ಲಿನ ತೀರ್ಮಾನವೇ ಕೊನೆಯದು. ಮೈಸೂರಿನ ಸಿಎಫ್‌ಟಿಆರ್‌ಐ ಅಂಥ ಒಂದು ರೆಫರಲ್ ಲ್ಯಾಬು. ಗಿರಾಕಿಗೂ ಹಕ್ಕು ಉಂಟು. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಫೀಸು ಕಟ್ಟಿ, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕಲಬೆರಕೆ ಸಾಬೀತಾದರೆ ಕಟ್ಟಿದ ಫೀಸು ವಾಪಸ್ ಎಂದು 40ನೇ ಕಲಂ ಹೇಳುತ್ತದೆ.

ಕಾಗದದ ಮೇಲೆ ಹಕ್ಕು ಚಂದ ಉಂಟು. ಆದರೆ ನಾಲ್ಕನೆಯ ಪಾಲನ್ನು ಕೇಳಿ ಪಡೆಯಬೇಕಾದರೆ ಹತ್ತಿರದಲ್ಲಿ ಮಾನ್ಯತೆ ಪಡೆದ ಲ್ಯಾಬು ಯಾವುದು, ಅದು ಯಾವ ಪರೀಕ್ಷೆ ಮಾಡುತ್ತದೆ, ಎಷ್ಟು ಕಟ್ಟಬೇಕು ಎಂದು ತಿಳಿದಿರಬೇಕು. ಅಧಿಕಾರಿ ಎದುರಿಗೆ ನಿಂತಿರುವಾಗ ವಿಳಾಸ ಹುಡುಕಲು ಆಗುತ್ತದೆಯೇ?

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಸಂಶೋಧನಾಲಯ ಬೇರೆ, ಮಾನ್ಯತೆ ಪಡೆದ ಪರೀಕ್ಷಾ ಲ್ಯಾಬು ಬೇರೆ. ಮೆಶೀನು ಒಂದೇ ಜಾತಿಯದು ಇರಬಹುದು. ಆದರೆ ಎನ್‌ಎಬಿಎಲ್ ಮಾನ್ಯತೆ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ ಅಂಗೀಕಾರ ಇಲ್ಲದ ಲ್ಯಾಬಿನ ರಿಪೋರ್ಟು ಈ ನಾಲ್ಕನೆಯ ಪಾಲಿನ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವವಿದ್ಯಾನಿಲಯದ ವಿಜ್ಞಾನಿ ಎಷ್ಟೇ ದೊಡ್ಡವರಾಗಲಿ, ಅವರ ಪತ್ರ ತಿಳಿವಳಿಕೆಗೆ ಸರಿ, ಕೇಸಿಗೆ ಸಾಲದು. ಇದು ತಿಳಿಯದೆ ದುಡ್ಡು ಕಟ್ಟಿ ಆಮೇಲೆ ತಲೆ ಚಚ್ಚಿಕೊಂಡು ಪ್ರಯೋಜನವಿಲ್ಲ. ಲ್ಯಾಬಿನವರೂ ಇದನ್ನು ಮೊದಲೇ ಬೋರ್ಡಿನಲ್ಲಿ ಬರೆಯಬೇಕು.

ಮಣಿಪಾಲ ಮಾಡಿ ತೋರಿಸಿದ್ದು

ಗುಡ್ಡದ ಮೇಲಿನ ಲ್ಯಾಬುಗಳಿಂದ ಊರಿಗೆ ಉಪಕಾರ ಆಗಿಲ್ಲ ಎಂದರೆ ಸುಳ್ಳು ಹೇಳಿದಂತೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ಒಂದೇ ಮನೆಯವರು ಜ್ವರ ಬಂದು ಸಾಯುತ್ತಿದ್ದಾಗ, ಸ್ಯಾಂಪಲು ಬಂದದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಇದು ನಿಫಾ ಎಂದು ಮೊದಲು ಗುರುತಿಸಿದ್ದು ಇಲ್ಲಿಯೇ. ಹೊತ್ತಿಗೆ ಸರಿಯಾಗಿ ಸಿಕ್ಕಿದ ಆ ಉತ್ತರದಿಂದ ಕೇರಳ ಎಚ್ಚೆತ್ತಿತು. ಹತ್ತಿರದಲ್ಲಿ ಮೆಶೀನೂ, ಅದನ್ನು ನಡೆಸುವ ಜನರೂ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದೊಂದೇ ಸಾಕು.

ಪ್ರೋಟೀನಿನ ವಿಷಯದಲ್ಲೇ ಹೇಳುವುದಾದರೆ, ಮಣಿಪಾಲದ ಲೇಸರ್ ಸ್ಪೆಕ್ಟ್ರೋಸ್ಕೋಪಿ ಕೇಂದ್ರದಲ್ಲಿ ಡಾ. ವಿ.ಬಿ. ಕರ್ತಾ ಮತ್ತು ಜೊತೆಯವರು ಹಲವು ವರ್ಷ ಒಂದು ಕೆಲಸ ಮಾಡಿದರು. ರಕ್ತ, ಜೊಲ್ಲು, ಅಂಗಾಂಶ ಇವುಗಳ ಪ್ರೋಟೀನನ್ನು ಎಚ್‌ಪಿಎಲ್‌ಸಿ ಕೊಳವೆಯಲ್ಲಿ ಬೇರೆ ಮಾಡಿ, ಹೊರಬರುವ ಪ್ರತಿಯೊಂದಕ್ಕೂ ಲೇಸರ್ ಬೆಳಕು ಹಾಯಿಸಿ, ಅದು ಹೊಳೆಯುವ ರೀತಿ ನೋಡುವುದು. ಆರೋಗ್ಯವಂತರ ಗೆರೆಗೂ ಕ್ಯಾನ್ಸರ್ ರೋಗಿಯ ಗೆರೆಗೂ ವ್ಯತ್ಯಾಸ ಕಾಣುತ್ತದೆ. ಬಾಯಿ ಕ್ಯಾನ್ಸರನ್ನು ಬೇಗ ಪತ್ತೆ ಮಾಡಲು ಈ ದಾರಿ ಆಗಬಹುದು ಎಂದು 2003ರಲ್ಲಿಯೇ ಬೆಂಗಳೂರಿನ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ ಬರೆದರು.

ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಅಗಿಯುವವರು, ಬೀಡಿ ಸೇದುವವರು ನಮ್ಮಲ್ಲಿ ಕಡಿಮೆಯೇ? ಬಾಯಿಯ ಹುಣ್ಣು ವಾಸಿಯಾಗದೆ ತಿಂಗಳಾದ ಮೇಲೆ ಆಸ್ಪತ್ರೆಗೆ ಬರುವವರು ಎಷ್ಟು ಜನ! ಇದು ನೇರವಾಗಿ ಅವರ ಜೀವದ ಪ್ರಶ್ನೆ. ಈ ಲೇಸರ್ ವಿಧಾನ ಸಂಶೋಧನೆಯದು. ಹುಣ್ಣಿನ ಚೂರು ತೆಗೆದು ನೋಡುವ ಬಯಾಪ್ಸಿಯ ಜಾಗದಲ್ಲಿ ಇದು ಕೂತಿದೆ ಎಂದು ಯಾರೂ ತಿಳಿಯಬಾರದು. ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಬೇಕು, ಮೆಶೀನು ಬರಲಿ ಎಂದು ಕಾಯಬಾರದು. ಆದರೆ ಸಂಶೋಧನೆ ಎಲ್ಲಿಗೆ ಮುಟ್ಟಿತು, ಇನ್ನು ಎಷ್ಟು ದೂರ ಎಂದು ಜಿಲ್ಲೆಯ ಜನರಿಗೆ ಅವರ ಭಾಷೆಯಲ್ಲಿ ಹೇಳುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲವೇ? ರಕ್ತ ಕೊಟ್ಟವರು ಇಲ್ಲಿನವರೇ ಅಲ್ಲವೇ?

ಬೆಂಗಳೂರಿನಲ್ಲಿ ಆಗುವುದು ಇಲ್ಲಿ ಯಾಕಾಗದು?

ಮೆಶೀನು ಹೊರಗಿನವರಿಗೆ ತೆರೆಯುವುದು ಹೊಸ ಮಾತೇನಲ್ಲ. ದುಬಾರಿ ಉಪಕರಣಗಳನ್ನು ಒಂದು ಕಡೆ ಇಟ್ಟು ಎಲ್ಲರಿಗೂ ಫೀಸಿಗೆ ಕೊಡುವ ಕೇಂದ್ರಗಳನ್ನು ಕೇಂದ್ರ ಸರಕಾರ 1970ರ ದಶಕದಲ್ಲೇ ಆರಂಭಿಸಿತ್ತು. ನಮ್ಮ ರಾಜ್ಯದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಂಥದ್ದುಂಟು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ 2009ರಲ್ಲಿ ಶುರುವಾದ ಸಿ-ಕ್ಯಾಂಪ್ ಎಂಬ ಸಂಸ್ಥೆಯ ಕಸುಬೇ ಇದು. ಮಾಸ್ ಸ್ಪೆಕ್ಟ್ರೋಮೀಟರ್ ಮೊದಲಾದ ಮೆಶೀನುಗಳ ಸೇವೆಯನ್ನು ಕಾಲೇಜಿಗೂ ಕಂಪೆನಿಗೂ ಫೀಸಿಗೆ ಕೊಡುವುದು.

ಬೆಂಗಳೂರಿನಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಚಿಕ್ಕ ಸಂಸ್ಥೆ ಉಂಟು, 2002ರಲ್ಲಿ ಹುಟ್ಟಿದ್ದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಜೊತೆ ಸೇರಿ ಮನುಷ್ಯನ 30 ಬಗೆಯ ಅಂಗಾಂಶ ಮತ್ತು ರಕ್ತಕಣಗಳ ಪ್ರೋಟೀನನ್ನು ತೂಗಿ, 17,294 ಜೀನ್‌ಗಳ ಪ್ರೋಟೀನು ಗುರುತಿಸಿ, ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು 2014ರಲ್ಲಿ "ನೇಚರ್" ಪತ್ರಿಕೆಯಲ್ಲಿ ಪ್ರಕಟಿಸಿತು. ಜಗತ್ತು ನೋಡಿತು. ಅಂದರೆ ಈ ವಿದ್ಯೆ ಕರ್ನಾಟಕಕ್ಕೆ ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಅವರು ಪ್ರೋಟೀನಿನ ಆಕಾರ ಓದುವ ವಿಭಾಗ ಕಟ್ಟಿದ್ದು 1971ರಷ್ಟು ಹಿಂದೆ.

ಸರಕಾರವೂ ಸುಮ್ಮನೆ ಕೂತಿಲ್ಲ. ಸರಕಾರದ ಹಣದಿಂದ ತಂದ ಉಪಕರಣ ಎಲ್ಲಿ ಯಾವುದುಂಟು ಎಂದು ತೋರಿಸುವ ಐ-ಸ್ಟೆಮ್ ಎಂಬ ಪೋರ್ಟಲನ್ನು 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಿಗಳು ಉದ್ಘಾಟಿಸಿದರು. ಉಪಕರಣ ಹಂಚಿಕೊಳ್ಳಬೇಕು ಎಂದು 2022ರಲ್ಲಿ ಶ್ರೀಮಾನ್ ಎಂಬ ಮಾರ್ಗಸೂಚಿಯೂ ಬಂತು. ಎಲ್ಲ ಸರಿ. ಆದರೆ ಆ ಪಟ್ಟಿ ಇಂಗ್ಲಿಷಿನಲ್ಲಿ ಉಂಟು, ಸಂಶೋಧಕರಿಗಾಗಿ ಉಂಟು. ಕಾಪುವಿನ ಮೀನಿನ ವ್ಯಾಪಾರಿ ಅದರೊಳಗೆ ಹೊಕ್ಕು ಏನು ಹುಡುಕುತ್ತಾರೆ? "ಲಿಕ್ವಿಡ್ ಕ್ರೊಮ್ಯಾಟೋಗ್ರಫಿ" ಎಂದು ಟೈಪು ಮಾಡುತ್ತಾರೆಯೇ?

ಲ್ಯಾಬು ಪೇಟೆಗೆ ಇಳಿದದ್ದಕ್ಕೆ ಮೀನಿನದೇ ಉದಾಹರಣೆ ಕೊಡುತ್ತೇವೆ. ಮೀನಿಗೆ ಫಾರ್ಮಲಿನ್ ಹಾಕುತ್ತಾರೆ ಎಂದು 2018ರಲ್ಲಿ ಕೇರಳದಲ್ಲಿ ಗುಲ್ಲೆದ್ದಿತು. ಫಾರ್ಮಲಿನ್ ಮಾಡುವುದು ಪ್ರೋಟೀನನ್ನು ಬಿಗಿದು ಗಟ್ಟಿ ಮಾಡುವ ಕೆಲಸ, ಅದಕ್ಕೇ ಮೀನು ಕೊಳೆಯದೆ ಉಳಿಯುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಒಂದು ಕಾಗದದ ಪಟ್ಟಿ ತಯಾರಿಸಿಕೊಟ್ಟರು. ಮೀನಿಗೆ ಒರೆಸಿ ಒಂದು ಹನಿ ಬಿಟ್ಟರೆ ಬಣ್ಣ ಹೇಳುತ್ತದೆ. ದೊಡ್ಡ ಲ್ಯಾಬಿನ ವಿದ್ಯೆ ಬುಟ್ಟಿಯ ಪಕ್ಕಕ್ಕೆ ಬಂತು. ಮೀನು ಮಾರುವ ಹೆಂಗಸರ ಮೇಲೆ ಸುಳ್ಳು ಅಪವಾದ ಹೊರಿಸಿದರೆ ಅವರೂ ಅದನ್ನೇ ತೋರಿಸಬಹುದು. ಪರೀಕ್ಷೆ ಅಂದರೆ ಬರೀ ಶಿಕ್ಷೆಗಲ್ಲ, ಪ್ರಾಮಾಣಿಕರ ರಕ್ಷಣೆಗೂ ಬೇಕು.

ಅವರ ಕಷ್ಟವೂ ಉಂಟು

ಲ್ಯಾಬಿನವರ ಬದಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದು ಒಳ್ಳೆಯ ಮಾಸ್ ಸ್ಪೆಕ್ಟ್ರೋಮೀಟರಿನ ಬೆಲೆ ಕೋಟಿ ದಾಟುತ್ತದೆ. ತಂದು ಇಟ್ಟರೆ ಆಗಲಿಲ್ಲ. ಹಗಲು ರಾತ್ರಿ ಕರೆಂಟು ಬೇಕು. ಆಷಾಢದ ಗಾಳಿ ಮಳೆಗೆ ಲೈನು ಹೋದರೆ ಫ್ರೀಜರಿಗೆ ಜನರೇಟರು ಬೇಕು. ನಮ್ಮ ಕರಾವಳಿಯ ತೇವಕ್ಕೆ ಕೋಣೆಯನ್ನು ಒಣಗಿಸಿಟ್ಟುಕೊಳ್ಳಬೇಕು. ವರ್ಷ ವರ್ಷ ಕಂಪೆನಿಗೆ ರಿಪೇರಿ ಕರಾರಿನ ದುಡ್ಡು ಕಟ್ಟಬೇಕು. ಮೆಶೀನು ಕೊಳ್ಳಲು ಅನುದಾನ ಸಿಕ್ಕಷ್ಟು ಸುಲಭವಾಗಿ ಅದನ್ನು ನಡೆಸಲು ದುಡ್ಡು ಸಿಗುವುದಿಲ್ಲ. ಮೂರು ವರ್ಷದ ಪ್ರಾಜೆಕ್ಟು ಮುಗಿದರೆ ಮೆಶೀನು ನಡೆಸುತ್ತಿದ್ದ ಹುಡುಗನ ಕೆಲಸವೂ ಮುಗಿಯುತ್ತದೆ. ಅವನು ಬೆಂಗಳೂರಿನ ಕಂಪೆನಿ ಸೇರುತ್ತಾನೆ. ಮೆಶೀನಿಗೆ ಬಟ್ಟೆ ಹೊದೆಸುತ್ತಾರೆ. ತನಾಕಾ ಅವರ ಹೆಸರು ಹೇಳಿದ್ದು ಈ ಕಾರಣಕ್ಕೆ. ಮೆಶೀನು ಬಲ್ಲ ಕೆಲಸಗಾರನನ್ನು ಉಳಿಸಿಕೊಳ್ಳದ ಸಂಸ್ಥೆಗೆ ಮೆಶೀನು ಕೊಡುವುದು, ಡ್ರೈವರಿಲ್ಲದ ಊರಿಗೆ ಬಸ್ಸು ಕೊಟ್ಟ ಹಾಗೆ.

ಸ್ಯಾಂಪಲಿನ ತಾಪತ್ರಯವೂ ಉಂಟು. ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರ ಕೈಲಿ ಕಳಿಸಿದ ಮೀನಿನ ತುಂಡಿಗೆ ಯಾವ ಮೆಶೀನೂ ಸರಿಯಾದ ಉತ್ತರ ಕೊಡಲಾರದು. ಪ್ರೋಟೀನು ಬಿಸಿಗೆ ಕೆಡುತ್ತದೆ. ಯಾವ ಡಬ್ಬ, ಎಷ್ಟು ಗ್ರಾಂ, ಐಸು ಬೇಕೋ ಬೇಡವೋ, ಎಷ್ಟು ಗಂಟೆಯೊಳಗೆ ಎಂದು ತಿಳಿಸದಿದ್ದರೆ ಜನ ಏನು ಮಾಡಬೇಕು? ತಿಳಿಸಿದ ಮೇಲೂ ಕೆಟ್ಟದ್ದು ತಂದರೆ ವಾಪಸ್ ಕಳಿಸುವ ಹಕ್ಕು ಲ್ಯಾಬಿಗೆ ಉಂಟು.

ವಿದ್ಯಾರ್ಥಿಗಳ ಸಂಶೋಧನೆ ನಿಲ್ಲಿಸಿ ಪೇಟೆಯ ಡಬ್ಬ ಪರೀಕ್ಷೆ ಮಾಡಿ ಎಂದು ನಾವು ಹೇಳುವುದಿಲ್ಲ. ವಾರಕ್ಕೆ ಒಂದು ದಿನ ಸಾಕು.

ನಮ್ಮ ಬೇಡಿಕೆ

ಒಂದು: ಮಣಿಪಾಲದ ವಿಶ್ವವಿದ್ಯಾನಿಲಯ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿನ ಬಯೋಟೆಕ್ನಾಲಜಿ ವಿಭಾಗ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಇವರೆಲ್ಲ ತಮ್ಮಲ್ಲಿ ಹೊರಗಿನವರಿಗೆ ಸಿಗುವ ಸೇವೆ ಯಾವುದು, ಸಿಗದಿರುವುದು ಯಾವುದು ಎಂದು ಕನ್ನಡದಲ್ಲಿ ಒಂದೇ ಒಂದು ಪುಟ ಅಚ್ಚು ಮಾಡಿಸಲಿ. ಫೀಸು, ದಿನ, ಫೋನು, ಸ್ಯಾಂಪಲು ತರುವ ರೀತಿ ಅದರಲ್ಲಿರಲಿ. ರಿಪೋರ್ಟು ಕೋರ್ಟಿಗೆ ನಡೆಯುತ್ತದೋ ಇಲ್ಲವೋ ಎಂಬುದು ದಪ್ಪ ಅಕ್ಷರದಲ್ಲಿರಲಿ.

ಎರಡು: ಆ ಪುಟ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ, ಕಾಪು ಮತ್ತು ಕಾರ್ಕಳದ ತಾಲೂಕು ಕಚೇರಿಗಳಲ್ಲಿ, ಹಾಲಿನ ಸೊಸೈಟಿಗಳಲ್ಲಿ ಅಂಟಿಸಲಿ.

ಮೂರು: ಜಿಲ್ಲೆಯ ಆಹಾರ ಸುರಕ್ಷತಾ ಕಚೇರಿಯವರು ನಾಲ್ಕನೆಯ ಪಾಲಿನ ಹಕ್ಕನ್ನೂ ಹತ್ತಿರದ ಮಾನ್ಯ ಲ್ಯಾಬುಗಳ ಪಟ್ಟಿಯನ್ನೂ ಲೈಸೆನ್ಸಿನ ಜೊತೆಗೇ ಪ್ರತಿ ಅಂಗಡಿಗೆ ಕೊಡಲಿ. ಸ್ಯಾಂಪಲು ತೆಗೆಯುವ ದಿನ ತಿಳಿಸಿದರೆ ಸಾಲದು.

ನಾಲ್ಕು: ಮೆಶೀನು ನಡೆಸುವವರ ಹುದ್ದೆ ಖಾಯಂ ಆಗಲಿ. ಹೊರಗಿನವರಿಂದ ಬಂದ ಫೀಸಿನಲ್ಲಿ ಒಂದು ಪಾಲು ಅದೇ ಮೆಶೀನಿನ ರಿಪೇರಿಗೆ, ಅದೇ ಕೆಲಸಗಾರನ ಸಂಬಳಕ್ಕೆ ಹೋಗಲಿ.

ಐದನೆಯದು ವ್ಯಾಪಾರಿಗಳಿಗೆ. ಒಬ್ಬೊಬ್ಬರೇ ಹೋದರೆ ಫೀಸು ಭಾರ. ವರ್ತಕರ ಸಂಘದವರು ಸೇರಿ ವರ್ಷಕ್ಕೆ ನಾಲ್ಕು ಸಲ ತಾವು ಮಾರುವ ಹಾಲಿನ ಪುಡಿ, ಪ್ರೋಟೀನು ಡಬ್ಬ, ಹಿಂಡಿ ಇವುಗಳನ್ನು ತಾವೇ ಪರೀಕ್ಷೆ ಮಾಡಿಸಲಿ. ಇನ್ಸ್‌ಪೆಕ್ಟರು ಬರುವ ಮೊದಲೇ ನಿಮಗೆ ತಿಳಿದಿರುತ್ತದೆ. ಕಂಪೆನಿಗೆ ಮಾಲು ವಾಪಸ್ ಕಳಿಸಲು ಕೈಯಲ್ಲಿ ಕಾಗದ ಇರುತ್ತದೆ.

ಇದೆಲ್ಲ ಆಗದ ಮಾತು ಎನ್ನುವವರು ಈ ಊರಿನ ಚರಿತ್ರೆ ಮರೆತಿದ್ದಾರೆ. 1928ರಲ್ಲಿ ಡಾ. ಟಿ.ಎಂ.ಎ. ಪೈಯವರ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿದಾಗ, ದಿನಕ್ಕೆ ಎರಡಾಣೆಗಾಗಿ ಬ್ಯಾಂಕೇ ಅಂಗಡಿಯ ಬಾಗಿಲಿಗೆ ಬಂತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವರು ಖಾತೆದಾರರಾದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಪಿಗ್ಮಿಯ ಪಾಠ ಉಳಿದಿದೆ. ಅದೇ ಪೈಯವರು 1953ರಲ್ಲಿ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದರು. ಬ್ಯಾಂಕು ಇಳಿದು ಬಂದ ದಾರಿಯಲ್ಲೇ ವಿಜ್ಞಾನವೂ ಇಳಿದು ಬರಲಿ.

ಹಾಲು ಹಾಕುವ ಹೆಂಗಸು ಚೀಟಿ ಕೇಳಿ ಪಡೆಯುತ್ತಾರೆ. ನಾವೂ ಕೇಳೋಣ. ಕುಲಪತಿಗಳು, ಜಿಲ್ಲಾಧಿಕಾರಿಗಳು, ವರ್ತಕರ ಸಂಘದ ಹಿರಿಯರು ಒಂದು ದಿನ ಒಂದೇ ಮೇಜಿನ ಸುತ್ತ ಕೂತರೆ ಆ ಒಂದು ಪುಟ ತಯಾರಾಗಲು ಒಂದು ಸಂಜೆ ಸಾಕು. ಸಂಬಂಧಪಟ್ಟವರು ಕೂರುತ್ತಾರೆಯೇ?